ಓದುಗರ ಪ್ರಶ್ನೆ, ಅಂಕಣದ ಉತ್ತರ: ಟೂಪಾಕ್ ಶಕೂರ್ ಇನ್ನೂ ಯಾಕೆ ಕೇಳಿಸುತ್ತಾನೆ?

ಅಮೆರಿಕದ ರ‍್ಯಾಪ್ ಗಾಯಕ ಟೂಪಾಕ್ ಶಕೂರ್ (1971–1996) ಕುರಿತು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಒಂದು ಕಿರುಟಿಪ್ಪಣಿ ಬಂದಿತ್ತು. 25ನೇ ವಯಸ್ಸಿಗೇ ಗುಂಡೇಟಿಗೆ ಬಲಿಯಾದ ಈತನನ್ನು ಹಿಪ್‌ಹಾಪ್ ಲೋಕದ ದಂತಕತೆ ಎಂದು ಕರೆದು, ಆತನ ಹಾಡುಗಳು ನಮ್ಮ ಊರಿನ ಹುಡುಗರ ಕಿವಿಯಲ್ಲೂ ಇವೆ ಎಂದಷ್ಟೇ ಅದರಲ್ಲಿ ಬರೆದಿದ್ದೆ. ಅದನ್ನು ಓದಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಮೆಚ್ಚುಗೆಗಿಂತ ತಕರಾರು ಹೆಚ್ಚಿತ್ತು. ಹಾಗಾಗಿ ಈ ಬಾರಿಯ ಪುಟವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟಿದ್ದೇನೆ. ಕೆಲವರು ಹೆಸರು ಬೇಡವೆಂದಿದ್ದರಿಂದ ಎಲ್ಲರ ಹೆಸರನ್ನೂ ಕೈಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾನೆ. ಅವನ ಕೋಣೆಯ ಗೋಡೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು, ಮೈತುಂಬ ಹಚ್ಚೆ ಹಾಕಿಸಿಕೊಂಡ ಟೂಪಾಕ್‌ನ ದೊಡ್ಡ ಚಿತ್ರವಿದೆ. ಇವನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಕೊಲೆಯಾದವನಂತೆ. ಕಂಡಿಲ್ಲದವನ ಮೇಲೆ ಇಷ್ಟು ಅಭಿಮಾನ ಏಕೆ? ನಾನು ಹೆದರಬೇಕೇ?
– ಗೃಹಿಣಿ, ಚಿಕ್ಕಮಗಳೂರು

ಉತ್ತರ: ಅಮ್ಮಾ, ಆ ಚಿತ್ರವನ್ನು ಸದ್ಯಕ್ಕೆ ಗೋಡೆಯಲ್ಲೇ ಬಿಟ್ಟು, 1995ರಲ್ಲಿ ಬಂದ ‘ಡಿಯರ್ ಮಾಮಾ’ ಎಂಬ ಹಾಡನ್ನು ಮಗನ ಪಕ್ಕದಲ್ಲಿ ಕುಳಿತು ಒಮ್ಮೆ ಕೇಳಿ, ಇಂಗ್ಲಿಷ್ ತಿಳಿಯದ ಕಡೆ ಅವನೇ ಅರ್ಥ ಹೇಳಲಿ. ಅದು ಟೂಪಾಕ್ ತನ್ನ ತಾಯಿ ಅಫೇನಿ ಶಕೂರ್‌ಗಾಗಿ ಬರೆದ ಹಾಡು. ಆಕೆ ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸದಸ್ಯೆ. ನ್ಯೂಯಾರ್ಕ್‌ನಲ್ಲಿ ಸ್ಫೋಟದ ಸಂಚು ನಡೆಸಿದರೆಂಬ ಮೊಕದ್ದಮೆಯಲ್ಲಿ ಸಿಲುಕಿ, ವಕೀಲರನ್ನು ನೆಚ್ಚದೆ ತನ್ನ ವಾದವನ್ನು ತಾನೇ ಮಂಡಿಸಿ, 1971ರ ಮೇ ತಿಂಗಳಲ್ಲಿ ನಿರ್ದೋಷಿಯೆಂದು ಹೊರಬಂದಾಗ ಆಕೆ ತುಂಬು ಗರ್ಭಿಣಿ. ಮರುತಿಂಗಳು ಜೂನ್ 16ರಂದು ಹುಟ್ಟಿದ ಮಗುವಿಗೆ ಮುಂದೆ ಇಟ್ಟ ಹೆಸರು, 18ನೇ ಶತಮಾನದ ಪೆರುವಿನಲ್ಲಿ ಸ್ಪೇನ್ ಆಳ್ವಿಕೆಯ ವಿರುದ್ಧ ದಂಗೆಯೆದ್ದು ಪ್ರಾಣ ತೆತ್ತ ನಾಯಕ ಟೂಪಾಕ್ ಅಮಾರುವಿನದು. ಇಷ್ಟು ಗಟ್ಟಿಗಿತ್ತಿಯೂ ಮುಂದೆ ಬಡತನದಲ್ಲಿ ನಲುಗಿ ಕ್ರ್ಯಾಕ್ ಎಂಬ ಮಾದಕ ದ್ರವ್ಯದ ಚಟಕ್ಕೆ ಬಿದ್ದಳು. ಮಕ್ಕಳೊಂದಿಗೆ ನ್ಯೂಯಾರ್ಕ್‌ನಿಂದ ಬಾಲ್ಟಿಮೋರ್‌ಗೆ, ಅಲ್ಲಿಂದ ಕ್ಯಾಲಿಫೋರ್ನಿಯಾದ ಮರಿನ್ ಸಿಟಿಗೆ ಬದುಕು ಎಳೆದುಕೊಂಡು ಹೋದಂತೆ ಹೋದಳು. ಹಾಡು ಇದಾವುದನ್ನೂ ಮುಚ್ಚಿಡುವುದಿಲ್ಲ. ತಾಯಿಯನ್ನು ದೇವರೆಂದು ಹೊಗಳುವ ಹಾಡುಗಳು ನಮ್ಮಲ್ಲಿ ಬೇಕಾದಷ್ಟಿವೆ. ತಾಯಿ ಎಡವಿದ್ದನ್ನು ಲೋಕದ ಮುಂದೆ ಹೇಳಿ, ಹೇಳಿದ ಬಾಯಲ್ಲೇ ಆಕೆಯ ಋಣ ತೀರಿಸಲಾಗದೆಂದು ಒಪ್ಪಿಕೊಳ್ಳುವ ಹಾಡು ಯಾವ ಭಾಷೆಯಲ್ಲೂ ಅಪರೂಪ. ಅಮೆರಿಕದ ಸಂಸತ್ತಿನ ಗ್ರಂಥಾಲಯವು ರಾಷ್ಟ್ರದ ಆಸ್ತಿಯೆಂದು ಕಾಪಿಡುವ ಧ್ವನಿಮುದ್ರಣಗಳ ಪಟ್ಟಿಗೆ ಅದನ್ನು 2010ರಲ್ಲಿ ಸೇರಿಸಿಕೊಂಡಿತು.

ಕಂಡಿಲ್ಲದವನ ಮೇಲೆ ಅಭಿಮಾನವೇಕೆ ಎಂದು ಕೇಳಿದ್ದೀರಿ. ಚಿಕ್ಕ ವಯಸ್ಸಿನ ಸಾವೇ ಹೆಸರನ್ನು ಉಳಿಸಿತು ಎಂಬ ಮಾತನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ; ಆ ದಶಕದಲ್ಲಿ ಗುಂಡಿಗೆ ಸಿಕ್ಕ ಗಾಯಕರು ಇನ್ನೂ ಇದ್ದರು, ಅವರಲ್ಲಿ ಹೆಚ್ಚಿನವರ ಹೆಸರು ನಿಮ್ಮ ಮಗನಿಗೂ ಗೊತ್ತಿರಲಾರದು. ಟೂಪಾಕ್‌ನ ವಿಷಯದಲ್ಲಿ ಇನ್ನೆರಡು ಕಾರಣಗಳಿವೆ. 1995ರ ಅಕ್ಟೋಬರ್‌ನಲ್ಲಿ ಜಾಮೀನಿನ ಮೇಲೆ ಜೈಲಿನಿಂದ ಬಂದವನು, ಮರುವರ್ಷದ ಸೆಪ್ಟೆಂಬರ್ 13ರಂದು ಸಾಯುವವರೆಗಿನ 11 ತಿಂಗಳಲ್ಲಿ ಹಗಲು ರಾತ್ರಿಯೆನ್ನದೆ ಸ್ಟುಡಿಯೊದಲ್ಲಿದ್ದು ರಾಶಿಗಟ್ಟಲೆ ಹಾಡುಗಳನ್ನು ಮುದ್ರಿಸಿಟ್ಟ. ಬದುಕಿದ್ದಾಗ ಆತನೊಬ್ಬನ ಹೆಸರಿನಲ್ಲಿ ಬಂದ ಆಲ್ಬಂಗಳು ನಾಲ್ಕೇ. ಸತ್ತ ಮೇಲೆ ಬಂದವು ಅದಕ್ಕಿಂತ ಹೆಚ್ಚು. ಎರಡನೆಯ ಕಾರಣ ಮತ್ತೆ ಆ ತಾಯಿಯೇ. ಚಟ ಬಿಟ್ಟು ನೆಟ್ಟಗಾಗಿದ್ದ ಅಫೇನಿ, ಮಗನ ಬಿಡುಗಡೆಯಾಗದ ಹಾಡುಗಳಿಗಾಗಿ ಧ್ವನಿಮುದ್ರಣ ಕಂಪನಿಯೊಡನೆ ಕಾನೂನಿನ ಹೋರಾಟ ನಡೆಸಿ, 1997ರಲ್ಲಿ ‘ಅಮಾರು’ ಹೆಸರಿನ ತನ್ನದೇ ಸಂಸ್ಥೆ ಕಟ್ಟಿ, ಅವನ್ನು ಒಂದೊಂದಾಗಿ ಹೊರತಂದಳು. ಹದಿಹರೆಯದ ಕೊನೆಯಲ್ಲಿ ಆತ ಕೈಬರಹದಲ್ಲಿ ಬರೆದಿಟ್ಟಿದ್ದ ಕವಿತೆಗಳು 1999ರಲ್ಲಿ ಪುಸ್ತಕವಾದವು. 2016ರಲ್ಲಿ ತೀರಿಕೊಳ್ಳುವವರೆಗೂ ಆಕೆ ಈ ಕೆಲಸ ಬಿಡಲಿಲ್ಲ. ಕಲಾವಿದನ ಪ್ರಭಾವ ತಾನಾಗಿ ಉಳಿಯುತ್ತದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಅದನ್ನು ಉಳಿಸಲು ಒಬ್ಬಾಕೆ ಸುಮಾರು ಎರಡು ದಶಕ ದುಡಿದಿದ್ದಾಳೆ.

ಹೆದರಬೇಕೇ ಎಂಬುದಕ್ಕೆ ಉತ್ತರ, ಮಗ ಯಾವ ಹಾಡುಗಳನ್ನು ಕೇಳುತ್ತಾನೆ ಎಂಬುದರಲ್ಲಿದೆ. ಟೂಪಾಕ್‌ನ ಹಾಡುಗಳಲ್ಲಿ ಬೈಗುಳವಿದೆ, ಬಂದೂಕಿದೆ, ಹೆಣ್ಣನ್ನು ಹೀನವಾಗಿ ಕರೆಯುವ ಸಾಲುಗಳಿವೆ. ಅವನ್ನು ನೀವು ಕೇಳಿಸಿಕೊಂಡರೆ ಬೇಸರವಾಗುವುದು ಖಂಡಿತ. ಆ ಬೇಸರವನ್ನು ಮಗನಿಗೆ ನೇರವಾಗಿ ಹೇಳಿ. ಚಿತ್ರ ಹರಿದುಹಾಕುವುದರಿಂದ ಅವನ ಕಿವಿಯಲ್ಲಿರುವ ಹಾಡು ನಿಲ್ಲುವುದಿಲ್ಲ.

ಪ್ರಶ್ನೆ: ಹೆಣ್ಣುಮಗಳೊಬ್ಬಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ ಜೈಲಿಗೆ ಹೋದವನನ್ನು ದಂತಕತೆಯೆಂದು ಬರೆದಿದ್ದೀರಿ. ಇಂಥವರ ಪ್ರಭಾವವನ್ನು ಕೊಂಡಾಡುವುದು ಪತ್ರಿಕೆಗೆ ಶೋಭೆಯೇ?
– ನಿವೃತ್ತ ಅಧ್ಯಾಪಕರು, ಬೇಲೂರು

ಉತ್ತರ: ಮೇಷ್ಟ್ರೇ, ನಿಮ್ಮ ಆಕ್ಷೇಪದ ಹಿಂದಿರುವ ಸಂಗತಿ ನಿಜ, ಅದನ್ನು ಅಭಿಮಾನಿಗಳು ಸಾಮಾನ್ಯವಾಗಿ ಬೇಗ ದಾಟಿಹೋಗುವುದೂ ನಿಜ. 1993ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ನಡೆದ ಘಟನೆಗೆ ಸಂಬಂಧಿಸಿ, 1994ರ ಡಿಸೆಂಬರ್‌ನಲ್ಲಿ ಟೂಪಾಕ್ ಲೈಂಗಿಕ ದೌರ್ಜನ್ಯದ ಅಪರಾಧಿಯೆಂದು ತೀರ್ಪಾಯಿತು. ಅದಕ್ಕಿಂತ ಗಂಭೀರವಾದ ಕೆಲವು ಆರೋಪಗಳಿಂದ ಬಿಡುಗಡೆಯಾಯಿತು. 1995ರ ಫೆಬ್ರುವರಿಯಲ್ಲಿ ಒಂದೂವರೆಯಿಂದ ನಾಲ್ಕೂವರೆ ವರ್ಷಗಳ ಸಜೆ ವಿಧಿಸಲಾಯಿತು. ತಾನು ತಪ್ಪು ಮಾಡಿಲ್ಲವೆಂದು ಆತ ಕೊನೆಯವರೆಗೂ ಹೇಳುತ್ತಿದ್ದ. ದೂರು ಕೊಟ್ಟ ಹೆಣ್ಣುಮಗಳ ಮಾತನ್ನು ನ್ಯಾಯಾಲಯ ನಂಬಿತು. ನಾನೂ ಆ ತೀರ್ಪಿನ ಜೊತೆಗೇ ನಿಲ್ಲುತ್ತೇನೆ.

ಕಷ್ಟವಿರುವುದು ಇನ್ನೊಂದು ಕಡೆ. ಆ ಘಟನೆಗೆ ಕೆಲವೇ ವಾರಗಳ ಮೊದಲು, 1993ರ ಅಕ್ಟೋಬರ್‌ನಲ್ಲಿ, ಹೆಣ್ಣನ್ನು ಗೌರವಿಸಿ, ಒಂಟಿ ತಾಯಂದಿರ ಕೈಬಿಡಬೇಡಿ ಎಂದು ಗಂಡಸರನ್ನು ತರಾಟೆಗೆ ತೆಗೆದುಕೊಳ್ಳುವ ‘ಕೀಪ್ ಯಾ ಹೆಡ್ ಅಪ್’ ಎಂಬ ಆತನ ಹಾಡು ಬಿಡಿ ಹಾಡಾಗಿ ಬಂದಿತ್ತು. 1991ರಲ್ಲಿ ಲಾಸ್ ಏಂಜಲೀಸ್‌ನ ಅಂಗಡಿಯೊಂದರಲ್ಲಿ ಗುಂಡೇಟಿಗೆ ಸತ್ತ 15 ವರ್ಷದ ಕರಿಯ ಹುಡುಗಿ ಲತಾಶಾ ಹಾರ್ಲಿನ್ಸ್‌ಗೆ ಅದು ಅರ್ಪಿತವಾಗಿತ್ತು. ಅದಕ್ಕೂ ಮೊದಲು, 1991ರ ಮೊದಲ ಆಲ್ಬಂನಲ್ಲೇ, ಹನ್ನೆರಡರ ಹರೆಯದಲ್ಲಿ ಗರ್ಭಿಣಿಯಾಗಿ ಹೆತ್ತ ಮಗುವನ್ನು ಕಸಕ್ಕೆ ಎಸೆದ ಬಾಲಕಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಆತ ಹಾಡು ಕಟ್ಟಿದ್ದ. ಇವುಗಳಲ್ಲಿ ಒಂದು ಮುಖವಾಡ, ಇನ್ನೊಂದು ನಿಜವಾದ ಮುಖ ಎಂದು ತೀರ್ಮಾನಿಸಿದರೆ ಕೆಲಸ ಸುಲಭವಾಗುತ್ತದೆ. ನನಗೆ ಮಾತ್ರ ಎರಡೂ ಅವನದೇ ಎನ್ನಿಸುತ್ತದೆ. ಆತನಿಂದ ಕಲಿತ ಕಲಾವಿದರಲ್ಲಿ ಒಳ್ಳೆಯವರು ಈ ಬಿರುಕನ್ನು ಮುಚ್ಚಲು ಹೋಗದೆ, ಅದನ್ನೇ ತಮ್ಮ ಹಾಡಿನ ವಸ್ತು ಮಾಡಿಕೊಂಡರು.

ಪ್ರಭಾವವೆಲ್ಲ ಒಳ್ಳೆಯದೇ ಎಂದು ನಾನು ವಾದಿಸುವುದೂ ಇಲ್ಲ. ನ್ಯೂಯಾರ್ಕ್‌ನ ಗಾಯಕ ನಟೋರಿಯಸ್ ಬಿಗ್ ಒಂದು ಕಾಲಕ್ಕೆ ಟೂಪಾಕ್‌ನ ಗೆಳೆಯ. ಮುಂದೆ ಅವರಿಬ್ಬರ ನಡುವೆ ಹುಟ್ಟಿದ ವೈರವನ್ನು ಕಂಪನಿಗಳೂ ಪತ್ರಿಕೆಗಳೂ ಪೂರ್ವ ಕರಾವಳಿ ಮತ್ತು ಪಶ್ಚಿಮ ಕರಾವಳಿಗಳ ಯುದ್ಧವೆಂಬಂತೆ ಮಾರಿಕೊಂಡವು. 1996ರಲ್ಲಿ ಟೂಪಾಕ್ ಅವನನ್ನು ಅತ್ಯಂತ ಕೀಳಾಗಿ ಹೀಯಾಳಿಸುವ ಹಾಡನ್ನು ಹೊರತಂದ. ಇಬ್ಬರೂ ಆರು ತಿಂಗಳ ಅಂತರದಲ್ಲಿ ಗುಂಡಿಗೆ ಬಲಿಯಾದರು. ಸಿಯೆರಾ ಲಿಯೋನ್‌ನ ಅಂತರ್ಯುದ್ಧದಲ್ಲಿ, 1990ರ ದಶಕದ ಕೊನೆಗೆ, ಹಳ್ಳಿಗಳನ್ನು ಸುಟ್ಟ ಬಂಡುಕೋರರು ಟೂಪಾಕ್‌ನ ಚಿತ್ರವಿರುವ ಅಂಗಿ ತೊಟ್ಟು ತಿರುಗುತ್ತಿದ್ದರು. ಅದೇ ಹೊತ್ತಿಗೆ, 1997ರಲ್ಲಿ, ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆತನ ಕಾವ್ಯದ ಬಗ್ಗೆ ಪಾಠ ಆರಂಭವಾಗಿತ್ತು. ಆತ ಹೊಟ್ಟೆಯ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ ‘ಥಗ್ ಲೈಫ್’ (ಪುಂಡರ ಬದುಕು) ಎಂಬ ಮಾತನ್ನು, ಸಮಾಜವು ಎಳೆಯ ಮಕ್ಕಳಲ್ಲಿ ಬಿತ್ತುವ ದ್ವೇಷ ಕೊನೆಗೆ ಎಲ್ಲರನ್ನೂ ಹಾಳುಮಾಡುತ್ತದೆ ಎಂಬ ಅರ್ಥದಲ್ಲಿ ವಿವರಿಸುತ್ತಿದ್ದ. ಅಮೆರಿಕದ ಲೇಖಕಿ ಆಂಜಿ ಥಾಮಸ್ 2017ರಲ್ಲಿ ಪ್ರಕಟಿಸಿದ, ಪೊಲೀಸ್ ಗುಂಡಿಗೆ ಗೆಳೆಯನನ್ನು ಕಳೆದುಕೊಂಡ ಹುಡುಗಿಯ ಕಾದಂಬರಿಗೆ ಆ ವಿವರಣೆಯಿಂದಲೇ ಹೆಸರನ್ನು ಆಯ್ದುಕೊಂಡರು. ‘ಥಗ್ ಲೈಫ್’ ಎಂಬ ಎರಡೇ ಪದಗಳನ್ನು ಬೆನ್ನ ಮೇಲೆ ಬರೆಸಿಕೊಂಡು ಬೈಕಿನಲ್ಲಿ ಅಬ್ಬರಿಸುವವರನ್ನು ನೀವೂ ನಾನೂ ಬೇಲೂರಿನ ರಸ್ತೆಯಲ್ಲೇ ಕಂಡಿದ್ದೇವೆ. ಇವಿಷ್ಟನ್ನೂ ಬರೆಯದೆ ಆತನ ಪ್ರಭಾವದ ಬಗ್ಗೆ ಬರೆದಂತಾಗುವುದಿಲ್ಲ. ಕಳೆದ ಬಾರಿಯ ಟಿಪ್ಪಣಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ನಿಮ್ಮ ಪತ್ರದಿಂದಾಗಿ ಈಗ ಆ ಜಾಗ ಸಿಕ್ಕಿದೆ.

ಪ್ರಶ್ನೆ: ಟೂಪಾಕ್ ಸತ್ತಿಲ್ಲ, ಎಲ್ಲೋ ಅಡಗಿದ್ದಾನೆ ಎನ್ನುತ್ತಾರಲ್ಲ, ನಿಜವೇ?
– ಐಟಿಐ ವಿದ್ಯಾರ್ಥಿ, ಕಡೂರು

ಉತ್ತರ: ಇಲ್ಲ. 1996ರ ಸೆಪ್ಟೆಂಬರ್ 7ರ ರಾತ್ರಿ ಲಾಸ್ ವೇಗಸ್‌ನಲ್ಲಿ ಮೈಕ್ ಟೈಸನ್‌ನ ಬಾಕ್ಸಿಂಗ್ ಪಂದ್ಯ ನೋಡಿ ಕಾರಿನಲ್ಲಿ ಹೋಗುತ್ತಿದ್ದಾಗ ಗುಂಡು ಹಾರಿತು, ಆರನೇ ದಿನ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಸತ್ತ ಎರಡೇ ತಿಂಗಳಿಗೆ ‘ಮಕವೆಲಿ’ ಎಂಬ ಬೇರೆ ಹೆಸರಿನಲ್ಲಿ ಆಲ್ಬಂ ಬಂದದ್ದು, ಶತ್ರುಗಳಿಗೆ ಮಣ್ಣೆರಚುವ ಉಪಾಯಗಳನ್ನು ಬರೆದ ಇಟಲಿಯ ಮಾಕಿಯಾವೆಲ್ಲಿಯನ್ನು ಆ ಹೆಸರು ನೆನಪಿಸಿದ್ದು, ಕೊಲೆಗಾರ ವರ್ಷಾನುಗಟ್ಟಲೆ ಸಿಗದೇ ಹೋದದ್ದು ಎಲ್ಲ ಸೇರಿ ಈ ವದಂತಿಗೆ ಕಾಲು ಬಂದವು. 2023ರ ಸೆಪ್ಟೆಂಬರ್‌ನಲ್ಲಿ ಕೊಲೆಗೆ ಸಂಬಂಧಿಸಿ ಡುವೇನ್ ಡೇವಿಸ್ ಎಂಬಾತನನ್ನು ಬಂಧಿಸಲಾಯಿತು. ಆತ ಆರೋಪವನ್ನು ನಿರಾಕರಿಸಿದ್ದಾನೆ.

ಪ್ರಶ್ನೆ: ರ‍್ಯಾಪ್‌ನಲ್ಲಿ ರಾಗವಿಲ್ಲ, ಬರೀ ವೇಗದ ಮಾತು ಎಂದು ಅಪ್ಪ ನಗುತ್ತಾರೆ. ನನ್ನ ಗೆಳೆಯರೋ, ಪ್ರಾಸ ಕಟ್ಟುವುದರಲ್ಲಿ ಎಮಿನೆಮ್ ಎಷ್ಟೋ ಮೇಲು, ಟೂಪಾಕ್‌ನನ್ನು ಸುಮ್ಮನೆ ಹೊತ್ತು ಮೆರೆಸುತ್ತಾರೆ ಎನ್ನುತ್ತಾರೆ. ಇಬ್ಬರಿಗೂ ಏನು ಉತ್ತರ ಕೊಡಲಿ?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೊಂದು ಸಾಲಿನಲ್ಲೂ ನಾಲ್ಕಾರು ಅಕ್ಷರಗಳುದ್ದದ ಪ್ರಾಸವನ್ನು ಹೆಣೆದು ತಿರುಚುವ ಕಸುಬಿನಲ್ಲಿ ಎಮಿನೆಮ್ ಮುಂದಿದ್ದಾನೆ. ಆದರೆ ಟೂಪಾಕ್‌ನ ಮರಣಾನಂತರ 2004ರಲ್ಲಿ ಬಂದ ಆಲ್ಬಂ ಒಂದಕ್ಕೆ ಸಂಗೀತ ಹೊಂದಿಸಿದವನೂ ಇದೇ ಎಮಿನೆಮ್ ಎಂಬುದನ್ನು ಗೆಳೆಯರಿಗೆ ನೆನಪಿಸಿ. (ಅದರಲ್ಲಿ ಹೊಸ ತಾಳಕ್ಕೆ ಹೊಂದಲೆಂದು ಹಳೆಯ ದನಿಯ ವೇಗವನ್ನು ಬದಲಿಸಿದ್ದು ನನಗೆ ಕಿವಿಗೆ ಕಲ್ಲು ಸಿಕ್ಕಂತಾಗಿತ್ತು, ಅಭಿಮಾನ ಎಷ್ಟಿದ್ದರೂ ಕೆಲಸ ಚೆನ್ನಾಗಿ ಆಗಬೇಕೆಂದಿಲ್ಲ.)

ಟೂಪಾಕ್‌ನ ಶಕ್ತಿ ಇರುವುದು ಉಚ್ಚಾರದಲ್ಲಿ. ಪದಗಳು ಸರಳ, ಹೇಳುವ ರೀತಿ ಸರಳವಲ್ಲ. ಸ್ವರಗಳನ್ನು ಎಳೆದು, ಸಾಲಿನ ಕೊನೆಯ ಪದದ ಮೇಲೆ ಭಾರ ಹಾಕಿ, ಚರ್ಚಿನಲ್ಲಿ ಉಪದೇಶ ಮಾಡುವ ಪಾದ್ರಿಯಂತೆ ಏರಿಳಿತ ಕೊಡುತ್ತಾನೆ. ಒಂದೇ ಸಾಲನ್ನು ಎರಡು ಮೂರು ಬಾರಿ ಹಾಡಿ ಒಂದರ ಮೇಲೊಂದು ಕೂರಿಸುವುದು ಆತನ ರೂಢಿ; ಹೀಗೆ ಮಾಡಿದಾಗ ಒಬ್ಬನೇ ಹಾಡುತ್ತಿದ್ದರೂ ಹಿಂದೆ ಗುಂಪು ನಿಂತಂತೆ ಕೇಳಿಸುತ್ತದೆ. ಇದು ಆಕಸ್ಮಿಕವಾಗಿ ಬಂದದ್ದಲ್ಲ. ಬಾಲ್ಟಿಮೋರ್‌ನ ಕಲಾ ಶಾಲೆಯಲ್ಲಿ ನಟನೆ, ಕಾವ್ಯ, ಜಾಝ್, ಬ್ಯಾಲೆ ಕಲಿತವನು ಆತ. 1992ರಿಂದ ಸಿನಿಮಾಗಳಲ್ಲಿ ಮುಖ್ಯ ಪಾತ್ರಗಳನ್ನೂ ಮಾಡಿದ. ಹಾಗಾಗಿ ಹಾಡಿನಲ್ಲಿ ಬರುವ ‘ನಾನು’ ಪ್ರತಿ ಸಲವೂ ಬೇರೆ ಬೇರೆ ಪಾತ್ರ: ಒಮ್ಮೆ ಮಗ, ಒಮ್ಮೆ ಪುಂಡ, ಒಮ್ಮೆ ತನ್ನ ಸಾವಿನ ನಂತರ ಮಾತಾಡುವವನು. ಆ ದನಿ ಕೇಳುಗನ ಗುರುತಿನವನಂತೆ ಅನ್ನಿಸುವುದಕ್ಕೆ ಈ ನಟನೆಯ ಕಸುಬೇ ಕಾರಣ ಎಂದು ನನ್ನ ಅಂದಾಜು. 1995ರ ಮಾರ್ಚ್‌ನಲ್ಲಿ ಬಂದ ಆತನ ಮೂರನೆಯ ಆಲ್ಬಂ, ಆತ ಜೈಲಿನಲ್ಲಿರುವಾಗಲೇ ಅಮೆರಿಕದ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು.

ಅಪ್ಪನಿಗೆ ಹೇಳಬೇಕಾದದ್ದು ಕಡಿಮೆ. ಹರಿಕಥೆದಾಸರು ಕಥೆಯ ಬಿಸಿಯೇರಿದಾಗ ಹಾಡು ಬಿಟ್ಟು ತಾಳದ ಮೇಲೆಯೇ ಮಾತು ಓಡಿಸುವುದನ್ನು ಅವರು ಖಂಡಿತ ಕೇಳಿರುತ್ತಾರೆ. ಅದನ್ನು ಕೇಳುವಾಗ ಯಾರೂ ರಾಗವೆಲ್ಲಿ ಎಂದು ಕೇಳುವುದಿಲ್ಲ.

ಪ್ರಶ್ನೆ: ಕಾಫಿ ತೋಟದ ಕೂಲಿಯಾಳುಗಳ ಲೈನ್ ಮನೆಯಲ್ಲಿ ಬೆಳೆದವನು. ಟೂಪಾಕ್‌ನನ್ನು ಕೇಳಿಯೇ ರ‍್ಯಾಪ್ ಬರೆಯಲು ಶುರು ಮಾಡಿದೆ. ಆದರೆ ನನ್ನ ಊರಲ್ಲಿ ಗ್ಯಾಂಗ್ ಇಲ್ಲ, ಬಂದೂಕಿಲ್ಲ. ನಮ್ಮ ಕಡೆಯ ಮಾತಲ್ಲಿ ಬರೆದರೆ ಕಾಮಿಡಿ ಆಗುತ್ತದೆ, ಬೆಂಗಳೂರಿನವರ ಹಾಗೆ ಇಂಗ್ಲಿಷ್ ಬೆರೆಸು ಎನ್ನುತ್ತಾರೆ. ಗುರುವನ್ನು ಅನುಕರಿಸದೆ ಗುರುವಿನಿಂದ ಕಲಿಯುವುದು ಹೇಗೆ?
– ಯುವ ಗಾಯಕ, ಸಕಲೇಶಪುರ

ಉತ್ತರ: ತಮ್ಮಾ, ಈ ಸಲ ಬಂದ ಪತ್ರಗಳಲ್ಲಿ ನನಗೆ ಹೆಚ್ಚು ಕೆಲಸ ಕೊಟ್ಟದ್ದು ನಿನ್ನದೇ. ಬೇರೆಯವರು ಆತನಿಂದ ಏನನ್ನು ತೆಗೆದುಕೊಂಡರು ಎಂಬುದನ್ನು ಮೊದಲು ನೋಡೋಣ.

1995ರಲ್ಲಿ ಲಾಸ್ ಏಂಜಲೀಸ್ ಬಳಿಯ ಕಾಂಪ್ಟನ್‌ನಲ್ಲಿ ಟೂಪಾಕ್ ಮತ್ತು ರ‍್ಯಾಪ್ ಗಾಯಕ ಡಾಕ್ಟರ್ ಡ್ರೆ ಹಾಡೊಂದರ ಚಿತ್ರೀಕರಣ ಮಾಡುತ್ತಿದ್ದಾಗ, ಅದನ್ನು ಅಪ್ಪನ ಹೆಗಲ ಮೇಲೆ ಕುಳಿತು ನೋಡಿದವನು ಎಂಟು ವರ್ಷದ ಕೆಂಡ್ರಿಕ್ ಲಮಾರ್. ಇಪ್ಪತ್ತು ವರ್ಷಗಳ ನಂತರ, 2015ರ ತನ್ನ ಆಲ್ಬಂನ ಕೊನೆಯಲ್ಲಿ, ಟೂಪಾಕ್ 1994ರಲ್ಲಿ ಸ್ವೀಡನ್ನಿನ ಪತ್ರಕರ್ತರೊಬ್ಬರಿಗೆ ಕೊಟ್ಟಿದ್ದ ಸಂದರ್ಶನದ ಧ್ವನಿಯನ್ನು ಬಳಸಿ, ಪ್ರಶ್ನೆಗಳನ್ನು ತಾನೇ ಕೇಳಿದಂತೆ ಜೋಡಿಸಿ, ಸತ್ತವನೊಡನೆ ಒಂದು ಸಂಭಾಷಣೆಯನ್ನೇ ಕಟ್ಟಿದ. ಅದರಲ್ಲಿ ಆತ ಟೂಪಾಕ್‌ನ ಹಾಡನ್ನು ಹಾಡುವುದಿಲ್ಲ. ಹೆಸರು ಬಂದ ಮೇಲೆ ತನ್ನ ಜನರಿಗೆ ಏನು ಮಾಡಬೇಕೆಂದು ಕೇಳುತ್ತಾನೆ. ಕೊನೆಯ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಆಲ್ಬಂ ಅಲ್ಲಿಗೇ ಮುಗಿಯುತ್ತದೆ. ಕೆಂಡ್ರಿಕ್‌ನ ಹಾಡಿನ ಶೈಲಿಯಲ್ಲಿ ಟೂಪಾಕ್‌ನ ಛಾಯೆ ತೀರಾ ಕಡಿಮೆ. ಆತ ಪಡೆದುಕೊಂಡದ್ದು ತನ್ನ ಕಾಂಪ್ಟನ್‌ನ ಬಗ್ಗೆ, ತನ್ನ ಭಯದ ಬಗ್ಗೆ ಮಾತಾಡುವ ಧೈರ್ಯವನ್ನು. 2018ರಲ್ಲಿ ಸಂಗೀತಕ್ಕೆ ಪುಲಿಟ್ಜರ್ ಬಹುಮಾನ ಪಡೆದ ಮೊದಲ ರ‍್ಯಾಪ್ ಗಾಯಕ ಆತ.

ಪಂಜಾಬಿನ ಸಿಧು ಮೂಸೆವಾಲಾನ ಕತೆ ಬೇರೆ. ಆತ ಹಾಡಿದ್ದು ತನ್ನ ಹಳ್ಳಿಯ ಪಂಜಾಬಿಯಲ್ಲೇ, ಹೆಸರಿನಲ್ಲೂ ತನ್ನ ಊರನ್ನೇ ಇಟ್ಟುಕೊಂಡ. ಇದು ಟೂಪಾಕ್‌ನಿಂದ ಕಲಿಯಬಹುದಾದ ಒಳ್ಳೆಯ ಪಾಠ. ಆದರೆ 2022ರ ಮೇ ತಿಂಗಳಲ್ಲಿ ಬಿಡುಗಡೆಯಾದ ಕೊನೆಯ ಹಾಡೊಂದರ ಮುಖಚಿತ್ರದಲ್ಲಿ, ಟೂಪಾಕ್‌ಗೆ ಗುಂಡು ತಗುಲಿದ ಕಾರಿನ ದೃಶ್ಯವನ್ನೇ ಬಳಸಿಕೊಂಡ. ಅದೇ ತಿಂಗಳ 29ರಂದು ಮಾನಸಾ ಜಿಲ್ಲೆಯಲ್ಲಿ, ವಾಹನದಲ್ಲಿ ಹೋಗುತ್ತಿದ್ದ ಆತನನ್ನೂ ಗುಂಡಿಕ್ಕಿ ಕೊಂದರು. ವಯಸ್ಸು 28. ಇದರಲ್ಲಿ ವಿಧಿಯ ಸಂಕೇತ ಹುಡುಕುವವರ ಜೊತೆ ನಾನು ಸೇರುವುದಿಲ್ಲ. ಕೊಂದವರಿಗೆ ಅವರದೇ ಕಾರಣಗಳಿದ್ದವು. ಆದರೂ ಟೂಪಾಕ್‌ನ ಸಾವನ್ನು ವೀರಮರಣದ ಚಿತ್ರವಾಗಿ ಮಾಡಿಕೊಂಡು ಎದೆಗೆ ಒತ್ತಿಕೊಳ್ಳುವ ಚಾಳಿ ನಮ್ಮ ದೇಶದ ಹುಡುಗರಲ್ಲೂ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಈಗ ನಿನ್ನ ವಿಷಯ. ಊರಲ್ಲಿ ಬಂದೂಕಿಲ್ಲವೆಂದು ಕೊರಗಬೇಡ. ಆನೆ ಬಂತೆಂದು ಮೊಬೈಲಿಗೆ ಸಂದೇಶ ಬಂದ ಬೆಳಿಗ್ಗೆ ಆಳುಗಳು ತೋಟಕ್ಕೆ ಹೋಗಬೇಕೋ ಬೇಡವೋ ಎಂದು ಲೈನಿನ ಮುಂದೆ ನಿಲ್ಲುವುದು, ಕಾಫಿಯ ಬೆಲೆ ಏರಿದ ವರ್ಷವೂ ಕೊಯ್ಲಿನ ಕೂಲಿಯ ಲೆಕ್ಕ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಹೇಗೆ ಕೂರುತ್ತದೆ ಎಂಬುದು, ಅಸ್ಸಾಮಿನಿಂದ ಬಂದವರು ಪಕ್ಕದ ಮನೆಗೆ ಸೇರಿಕೊಂಡದ್ದು, ಎತ್ತಿನಹೊಳೆಯ ಕಾಮಗಾರಿಗೆ ಗುಡ್ಡ ಅಗೆದದ್ದು, ಇವನ್ನು ನಿನ್ನಷ್ಟು ಹತ್ತಿರದಿಂದ ಕಂಡ ಇನ್ನೊಬ್ಬ ರ‍್ಯಾಪ್ ಗಾಯಕ ಕನ್ನಡದಲ್ಲಿ ಇರಲಾರ. ಪತ್ರಿಕೆಯ ಮೂಲೆಯ ಸುದ್ದಿಯಿಂದ ಟೂಪಾಕ್ ಹಾಡು ಕಟ್ಟಿದನೆಂದು ಮೇಲೆ ಬರೆದೆನಲ್ಲ, ಕಲಿಯಬೇಕಾದದ್ದು ಆ ಕಣ್ಣನ್ನು.

ಭಾಷೆಯ ವಿಷಯದಲ್ಲಿ ನಿನ್ನ ಸ್ನೇಹಿತರ ಸಲಹೆಯನ್ನು ನಾನು ಒಪ್ಪುವುದಿಲ್ಲ, ಅದಕ್ಕೆ ಕಸುಬಿನ ಕಾರಣವೇ ಇದೆ. ರ‍್ಯಾಪ್‌ನ ಒಂದು ಬಾರ್ ಎಂದರೆ ನಾಲ್ಕು ಎಣಿಕೆ. ಒಂದೊಂದು ಎಣಿಕೆಯನ್ನೂ ನಾಲ್ಕು ಭಾಗ ಮಾಡಿದರೆ 16. ನಮ್ಮ ಮಂದಾನಿಲ ರಗಳೆಯ ಒಂದು ಸಾಲಿನಲ್ಲೂ ನಾಲ್ಕು ಮಾತ್ರೆಗಳ ನಾಲ್ಕು ಗಣ, ಒಟ್ಟು 16 ಮಾತ್ರೆ. ರಗಳೆಯ ಕವಿಯೆಂದೇ ಹೆಸರಾದ ಹರಿಹರ ನಿನ್ನ ಜಿಲ್ಲೆಯ ಹಳೇಬೀಡಿನಲ್ಲಿ, ಅಂದಿನ ದ್ವಾರಸಮುದ್ರದಲ್ಲಿ, ಹೊಯ್ಸಳರ ಕರಣಿಕನಾಗಿದ್ದನೆಂದು ಹೇಳುತ್ತಾರೆ. ಉದಾಹರಣೆಗೆಂದು ಎರಡು ಸಾಲು ಕಟ್ಟಿದ್ದೇನೆ, ಚೆನ್ನಾಗಿಲ್ಲದಿದ್ದರೆ ತಿದ್ದಿಕೋ:

ತೋಟದ ಲೈನಲಿ ಕೂತವ ನಾನು
ಪೇಟೆಯ ಪಾಡನು ಹಾಡಲಿ ಏನು

ಇದನ್ನು ನಿನ್ನ ಬೀಟಿನ ಮೇಲೆ ಇಟ್ಟು ನೋಡು. ಕೊನೆಯ ಅಕ್ಷರವನ್ನು ಕೊಂಚ ಎಳೆದರೆ ಸಾಲು ನೇರವಾಗಿ ಬಾರಿಗೆ ಕೂರುತ್ತದೆ. ಎರಡನೆಯ ಅಕ್ಷರದಲ್ಲಿ ಆದಿಪ್ರಾಸ, ಕೊನೆಯಲ್ಲಿ ಅಂತ್ಯಪ್ರಾಸ ಎರಡೂ ಇವೆ. ಇಂಗ್ಲಿಷ್ ರ‍್ಯಾಪ್ ಕೇಳಿ ಬೆಳೆದವರು ಸಾಲಿನ ಕೊನೆಯ ಪ್ರಾಸದ ಮೇಲೇ ಜೀವ ಬಿಡುತ್ತಾರೆ. ಸಾಲಿನ ಮೊದಲಲ್ಲೇ ಪ್ರಾಸ ಬಾರಿಸುವ ಅಭ್ಯಾಸ ಕನ್ನಡಕ್ಕೆ ಸಾವಿರ ವರ್ಷದಿಂದ ಇದೆ, ಅದನ್ನು ಬಳಸಿಕೊಂಡವರು ಕಡಿಮೆ. ಮೂರು, ನಾಲ್ಕು ಮಾತ್ರೆಗಳು ಬದಲಾಗುತ್ತ ಬರುವ ಭಾಮಿನಿ ಷಟ್ಪದಿಯ ನಡೆ ಮಾತ್ರ ಈ ತಾಳದಲ್ಲಿ ಎಡವುತ್ತದೆ. ಅದನ್ನು ಆಮೇಲೆ ಪ್ರಯತ್ನಿಸಬಹುದು.

ಇನ್ನು ನಿಮ್ಮ ಕಡೆಯ ಮಾತು. ‘ಹೇಳುತ್ತೇನೆ’ ಎಂಬುದಕ್ಕೆ ಏಳು ಮಾತ್ರೆ ಬೇಕು, ‘ಯೋಳ್ತೀನಿ’ ಎಂದರೆ ಐದರಲ್ಲಿ ಮುಗಿಯುತ್ತದೆ. ಆಡುಮಾತು ಸ್ವರಗಳನ್ನು ನುಂಗಿ ವ್ಯಂಜನಗಳನ್ನು ಒತ್ತಾಗಿ ಕೂಡಿಸುವುದರಿಂದ ತಾಳದ ಪೆಟ್ಟಿಗೆ ಪದ ಗಟ್ಟಿಯಾಗಿ ಬೀಳುತ್ತದೆ. ಅದನ್ನು ಕೇಳಿ ಜನ ನಗುತ್ತಾರೆಂದರೆ, ನಮ್ಮ ಸಿನಿಮಾಗಳು ಹಳ್ಳಿಯ ಮಾತನ್ನು ಹಾಸ್ಯಪಾತ್ರಗಳಿಗೆ ಮೀಸಲಿಟ್ಟು ಅವರ ಕಿವಿಯನ್ನು ಹಾಗೆ ತರಬೇತು ಮಾಡಿವೆ ಎಂದಷ್ಟೇ ಅರ್ಥ. 1970ರ ದಶಕದ ದಲಿತ ಚಳವಳಿಯಲ್ಲಿ ಸಿದ್ಧಲಿಂಗಯ್ಯನವರು ಕೇರಿಯ ಮಾತಿನಲ್ಲೇ ಸಿಟ್ಟಿನ ಹಾಡುಗಳನ್ನು ಬರೆದರು; ಮೆರವಣಿಗೆಯಲ್ಲಿ ಅವನ್ನು ಹಾಡಿದಾಗ ಯಾರೂ ನಗಲಿಲ್ಲ. ಟೂಪಾಕ್‌ನನ್ನು ಕೇಳುವಷ್ಟೇ ಗಮನವಿಟ್ಟು ಅವನ್ನೂ ಕೇಳು. ಮೊದಲ ಹಾಡಿನ ಮೊದಲ ಸಾಲಿಗೇ ಜನ ನಕ್ಕರೆ ನಗಲಿ ಬಿಡು, ಎಂಟನೇ ಸಾಲಿನ ಹೊತ್ತಿಗೆ ಅವರು ಏನು ಮಾಡುತ್ತಾರೆ ನೋಡು.

ಪ್ರಶ್ನೆ: ನಮ್ಮ ಯುವಕ ಸಂಘದ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಎಐ ಬಳಸಿ ಟೂಪಾಕ್‌ನ ದನಿಯಲ್ಲಿ ಕನ್ನಡ ರ‍್ಯಾಪ್ ಮಾಡಿಸಬೇಕೆಂದಿದ್ದೇವೆ. ನಿಮ್ಮ ಅಭಿಪ್ರಾಯ?
– ಧ್ವನಿವರ್ಧಕ ಅಂಗಡಿಯವರು, ಆಲ್ದೂರು

ಉತ್ತರ: ಸತ್ತವನನ್ನು ವೇದಿಕೆಗೆ ಕರೆತರುವ ಆಸೆ ನಿಮಗಿಂತ ಮೊದಲು ದೊಡ್ಡವರಿಗೂ ಬಂದಿತ್ತು. 2012ರ ಏಪ್ರಿಲ್ 15ರಂದು ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತೋತ್ಸವದಲ್ಲಿ ರ‍್ಯಾಪ್ ಗಾಯಕ ಸ್ನೂಪ್ ಡಾಗ್‌ನ ಪಕ್ಕದಲ್ಲಿ ಟೂಪಾಕ್ ಕಾಣಿಸಿಕೊಂಡು ಹಾಡಿದ. ಎಲ್ಲರೂ ಹೊಲೊಗ್ರಾಂ ಎಂದರೂ, ನಿಜವಾಗಿ ಅದು ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಹಾಳೆಯ ಮೇಲೆ ಗಣಕದಲ್ಲಿ ತಯಾರಿಸಿದ ಚಿತ್ರವನ್ನು ಪ್ರತಿಫಲಿಸುವ, 19ನೇ ಶತಮಾನದ ನಾಟಕ ಮಂದಿರಗಳ ಹಳೆಯ ಚಮತ್ಕಾರ. ಆ ಬಿಂಬ ಉತ್ಸವದ ಹೆಸರು ಹಿಡಿದು ಜನರನ್ನು ಕೂಗಿ ಮಾತಾಡಿಸಿತು. ಉತ್ಸವ ಶುರುವಾದದ್ದೇ 1999ರಲ್ಲಿ, ಟೂಪಾಕ್ ಸತ್ತು ಮೂರು ವರ್ಷವಾದ ಮೇಲೆ. ಬದುಕಿರುವಾಗ ಆತ ಎಂದೂ ಆಡಿರಲಾರದ ಮಾತು ಅದು. ಬೆರಗಾದ ಅಭಿಮಾನಿಗಳಲ್ಲಿ ಕೆಲವರಿಗಾದರೂ ಅಲ್ಲಿ ಕಸಿವಿಸಿಯಾಯಿತು. ಅದಕ್ಕೆ ತಾಯಿಯ ಒಪ್ಪಿಗೆಯಿತ್ತು ಎಂಬುದು ಮುಖ್ಯ.

ಒಪ್ಪಿಗೆಯಿಲ್ಲದೆ ಮಾಡಿದಾಗ ಏನಾಯಿತೆಂಬುದಕ್ಕೆ 2024ರ ಏಪ್ರಿಲ್ ಸಾಕ್ಷಿ. ಕೆನಡಾದ ರ‍್ಯಾಪ್ ಗಾಯಕ ಡ್ರೇಕ್, ಕೆಂಡ್ರಿಕ್ ಲಮಾರ್‌ನೊಂದಿಗಿನ ಜಗಳದಲ್ಲಿ, ಕೆಂಡ್ರಿಕ್‌ನನ್ನು ಕೆಣಕಲು ಎಐ ತಯಾರಿಸಿದ ಟೂಪಾಕ್ ದನಿಯನ್ನು ಬಳಸಿದ. ಕೆಂಡ್ರಿಕ್ ಯಾರನ್ನು ಗುರುವೆಂದು ಭಾವಿಸಿದ್ದನೋ ಅವನ ಬಾಯಿಂದಲೇ ಶಿಷ್ಯನಿಗೆ ಮೂದಲಿಕೆ ಹೇಳಿಸಿದಂತಾಯಿತು. ಟೂಪಾಕ್‌ನ ಆಸ್ತಿ ನೋಡಿಕೊಳ್ಳುವವರು ವಕೀಲರ ಮೂಲಕ ಪತ್ರ ಬರೆದ ಕೂಡಲೇ ಡ್ರೇಕ್ ಹಾಡನ್ನು ಹಿಂತೆಗೆದುಕೊಳ್ಳಬೇಕಾಯಿತು.

ನಮ್ಮಲ್ಲಿ ಕಾನೂನು ಇನ್ನೂ ರೂಪುಗೊಳ್ಳುತ್ತಿದೆ. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐ ಮೂಲಕ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟ್ 2024ರಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ತೀರಿಕೊಂಡವರ ವಿಷಯದಲ್ಲಿ ಚಿತ್ರ ಅಷ್ಟು ಸ್ಪಷ್ಟವಿಲ್ಲ. ನಟ ಸುಶಾಂತ್ ಸಿಂಗ್ ರಜಪೂತ್ ಕುರಿತ ಪ್ರಕರಣದಲ್ಲಿ, ಇಂಥ ವ್ಯಕ್ತಿತ್ವದ ಹಕ್ಕು ವ್ಯಕ್ತಿಯೊಂದಿಗೇ ಕೊನೆಗೊಳ್ಳುತ್ತದೆಂದು ದೆಹಲಿ ಹೈಕೋರ್ಟ್ 2023ರಲ್ಲಿ ಅಭಿಪ್ರಾಯಪಟ್ಟಿತು. ಆದರೆ ಮೂಲ ಧ್ವನಿಮುದ್ರಣಗಳ ಹಕ್ಕುಸ್ವಾಮ್ಯ ಬೇರೆಯದೇ ವಿಷಯ. ಅವುಗಳ ತುಣುಕನ್ನು ವೇದಿಕೆಯಲ್ಲಿ ಬಳಸಲು ಹಕ್ಕುದಾರರ ಅನುಮತಿ ಬೇಕೇ ಬೇಕು. ನೀವು ಕಾನೂನಿನಿಂದ ಪಾರಾದರೂ, ಕನ್ನಡದ ಒಂದಕ್ಷರವನ್ನೂ ಅರಿಯದಿದ್ದವನ ಬಾಯಲ್ಲಿ ನಾಡಿನ ಸ್ತುತಿ ಹಾಡಿಸಿ ಯಾರಿಗೆ ಏನನ್ನು ಸಾಧಿಸಿ ತೋರಿಸುತ್ತೀರಿ ಎಂಬುದು ನನಗೆ ತಿಳಿಯುತ್ತಿಲ್ಲ.

ಒಳ್ಳೆಯ ಮೈಕು, ಸ್ಪೀಕರು ನಿಮ್ಮ ಅಂಗಡಿಯಲ್ಲೇ ಇವೆ. ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಬಿಟ್ಟುಕೊಡಲು ಸಂಘ ಒಪ್ಪುವುದಾದರೆ, ಮೇಲೆ ಪತ್ರ ಬರೆದಿರುವ ಸಕಲೇಶಪುರದ ಯುವಕನ ಒಪ್ಪಿಗೆ ಕೇಳಿ ನಿಮ್ಮಿಬ್ಬರನ್ನು ಸಂಪರ್ಕಿಸಲು ಪತ್ರಿಕೆ ಸಿದ್ಧವಿದೆ. ಅಕ್ಟೋಬರ್ ಮೊದಲ ವಾರದೊಳಗೆ ಬರೆದು ತಿಳಿಸಿ, ಅವನಿಗೂ ಅಭ್ಯಾಸಕ್ಕೆ ಸಮಯ ಬೇಕು.